ಮುದ್ದು ಬೇರೆ, ಮೆರೆಸುವುದು ಬೇರೆ

‘ಹೆತ್ತವರಿಗೆ ಹೆಗ್ಗಣ ಮುದ್ದು’ ಎಂಬ ಗಾದೆಯನ್ನು ನಾವು ಬಳಸುವುದು ಹೆಚ್ಚಾಗಿ ಬೇರೆಯವರ ಮಕ್ಕಳನ್ನು ಆಡಿಕೊಳ್ಳುವುದಕ್ಕೆ. ನನಗಂತೂ ಅದು ಹೆತ್ತವರ ಪರವಾಗಿ ನಿಂತ ಮಾತೆಂದೇ ಅನ್ನಿಸುತ್ತದೆ. ಮಗು ಹೇಗೇ ಇರಲಿ, ಮುದ್ದಿಗೆ ಕಡಿಮೆಯಿಲ್ಲ. ಆದರೆ ಗಾದೆಯಲ್ಲಿ ಹೆಗ್ಗಣ ಹೆಗ್ಗಣವಾಗಿಯೇ ಉಳಿದಿದೆ. ಅದನ್ನು ಪಟ್ಟದಾನೆ ಎಂದು ಯಾರೂ ಸಾರಿಲ್ಲ.

ಮಕ್ಕಳಲ್ಲಿ ಆತ್ಮರತಿ, ಅಂದರೆ ತಾನೇ ಪಟ್ಟದಾನೆ ಎಂಬ ಭಾವ, ಬೆಳೆಯುವುದು ಹೇಗೆ? ಪ್ರೀತಿ ಸಿಗದ ಮಗು ತನ್ನನ್ನು ತಾನೇ ದೊಡ್ಡದು ಮಾಡಿಕೊಳ್ಳುತ್ತದೆ ಎಂಬುದು ಮನಶ್ಶಾಸ್ತ್ರದಲ್ಲಿ ಒಂದು ಪಕ್ಷ. ಹೆತ್ತವರು ಮೆರೆಸಿದ್ದೇ ಕಾರಣ ಎಂಬುದು ಇನ್ನೊಂದು. ಸಂಶೋಧಕ ಎಡ್ಡಿ ಬ್ರುಮೆಲ್ಮನ್ ಮತ್ತು ಸಂಗಡಿಗರು ನೆದರ್ಲೆಂಡ್ಸಿನಲ್ಲಿ 7ರಿಂದ 11 ವರ್ಷದ 565 ಮಕ್ಕಳನ್ನೂ ಅವರ ಅಪ್ಪ ಅಮ್ಮಂದಿರನ್ನೂ ಆರು ತಿಂಗಳಿಗೊಮ್ಮೆಯಂತೆ ನಾಲ್ಕು ಸಲ ವಿಚಾರಿಸಿ, 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ‘ನನ್ನ ಮಗು ಉಳಿದವರಿಗಿಂತ ಮೇಲು’ ಎಂದು ನಂಬಿದವರ ಮಕ್ಕಳಲ್ಲಿ ಆತ್ಮರತಿ ಹೆಚ್ಚುತ್ತಾ ಹೋಗಿತ್ತು. ಅಕ್ಕರೆ ಉಂಡ ಮಕ್ಕಳಲ್ಲಿ ಬೆಳೆದದ್ದು ಆತ್ಮಗೌರವ. ಅಕ್ಕರೆಯ ಕೊರತೆಗೂ ಆತ್ಮರತಿಗೂ ನಂಟು ಕಾಣಲಿಲ್ಲ. ಹುಟ್ಟುಗುಣದ ಪಾಲೂ ಇದೆ, ಎಲ್ಲವನ್ನೂ ಹೆತ್ತವರ ತಲೆಗೆ ಕಟ್ಟುವುದು ಅನ್ಯಾಯ.

ಇದೇ ಸಂಶೋಧಕರ ಇನ್ನೊಂದು ಅಧ್ಯಯನ ನನ್ನನ್ನು ಬಹಳ ಕಾಡಿದೆ. ನಿಮ್ಮ ಮಗುವಿಗೆ ಏನೇನು ಗೊತ್ತು ಎಂದು ಕೇಳುವ ಪಟ್ಟಿಯಲ್ಲಿ ‘ರಾಣಿ ಆಲ್ಬರ್ಟಾ’, ‘ಬೆನ್ಸನ್ ಮೊಲದ ಕಥೆ’ ಮುಂತಾದ, ಎಲ್ಲೂ ಇಲ್ಲದ ಹೆಸರುಗಳನ್ನು ಅವರು ಸೇರಿಸಿದ್ದರು. ಮಕ್ಕಳನ್ನು ಮೆರೆಸುವವರು ಅವನ್ನೂ ‘ನಮ್ಮ ಮಗುವಿಗೆ ಗೊತ್ತು’ ಎಂದು ಒಪ್ಪಿಕೊಂಡದ್ದು ಹೆಚ್ಚು. ಕಣ್ಣೆದುರಿನ ಮಗುವನ್ನೇ ಅವರು ನೋಡುತ್ತಿಲ್ಲವಲ್ಲ ಎಂಬುದೇ ನನ್ನ ಸಂಕಟ.

ನಮ್ಮ ನೆಂಟರ ಮನೆಯೊಂದರಲ್ಲಿ ಮಕ್ಕಳು ಚೌಕಾಬಾರಕ್ಕೆ ಕೂತರೆ, ಎಂಟು ವರ್ಷದ ಮೊಮ್ಮಗ ಸೋಲುವ ಹಾಗೆ ಕಂಡಕೂಡಲೇ ಅಜ್ಜಿ ‘ಅವನ ಕಾಯಿ ಹೊಡೀಬೇಡ್ರೇ, ಪಾಪ’ ಅನ್ನುತ್ತಾರೆ. ಅಕ್ಕ ಹೊಡೆಯಬಹುದಾಗಿದ್ದ ಕಾಯನ್ನು ಬಿಟ್ಟು ಇನ್ನೊಂದನ್ನು ನಡೆಸುತ್ತಾಳೆ. ತನ್ನನ್ನು ಗೆಲ್ಲಿಸುವುದು ಮಿಕ್ಕವರ ಕರ್ತವ್ಯ ಎಂದೇ ಅವನು ತಿಳಿದಿದ್ದಾನೆ. ಶಾಲೆಯ ಆಟದಲ್ಲಿ ಸೋತು ಬಂದ ದಿನ ‘ಎಲ್ಲರೂ ಮೋಸ ಮಾಡಿದರು’ ಎಂದು ಚೀಲ ಎಸೆದ. ಮನೆಯವರು ಅದನ್ನೂ ನಂಬಿದರು. ‘ಸೋತೆಯೇನೋ? ಹೋಗಲಿ ಬಿಡು, ಕೈಕಾಲು ತೊಳ್ಕೊಂಡು ಊಟಕ್ಕೆ ಬಾ’ ಎಂದು ಒಬ್ಬರಾದರೂ ಅಂದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.