ತಿದ್ದುವವರ ಧರ್ಮ

ಸಂಸ್ಕೃತಾಭ್ಯಾಸಿಗಳು ಬಲ್ಲ ಒಂದು ಹಳೆಯ ಸುಭಾಷಿತವುಂಟು. ಅದರಲ್ಲಿ ತಂದೆಯೊಬ್ಬನು ಮಗನನ್ನು ಕರೆದು, ಬೇರೆ ಶಾಸ್ತ್ರಗಳನ್ನು ಹೆಚ್ಚಾಗಿ ಓದದಿದ್ದರೂ ವ್ಯಾಕರಣವನ್ನು ಮಾತ್ರ ಬಿಡಬೇಡವೆಂದು ಬುದ್ಧಿ ಹೇಳುತ್ತಾನೆ. ಅವನು ಕೊಡುವ ಕಾರಣವು ಸರಳವಾದುದು. ಸಕಾರವಿರಬೇಕಾದ ಎಡೆಯಲ್ಲಿ ಶಕಾರವನ್ನು ನುಡಿದರೆ 'ಸ್ವಜನ'ವು 'ಶ್ವಜನ'ವಾಗುತ್ತದೆ, ತನ್ನವರು ನಾಯಿಗಳಾಗಿಬಿಡುತ್ತಾರೆ. 'ಸಕಲ'ವು 'ಶಕಲ'ವಾಗುತ್ತದೆ, ಇಡಿಯಾದುದು ಚೂರಾಗುತ್ತದೆ. ಒಂದು ಅಕ್ಷರ ತಪ್ಪಿದರೆ ಅರ್ಥವು ಎಲ್ಲಿಂದೆಲ್ಲಿಗೆ ಹೋದೀತೆಂಬುದನ್ನು ಮಗನಿಗೆ ಮನಗಾಣಿಸುವುದು ಆ ತಂದೆಯ ಉದ್ದೇಶ.

ಈ ಮಾತಿನಲ್ಲಿ ವಿನೋದವಿದೆ, ವಿವೇಕವೂ ಇದೆ. ಆದರೆ ಆ ತಂದೆಯು ಕೇಳದೆ ಬಿಟ್ಟ ಪ್ರಶ್ನೆಯೊಂದು ಅದರೊಳಗೆ ಅಡಗಿದೆ. ಮಗನು 'ಸ್ವಜನ'ವೆಂದು ಶುದ್ಧವಾಗಿ ನುಡಿಯಲೆಂಬ ಹಂಬಲದಿಂದ ತಂದೆಯು ಆ ಮಗನನ್ನೇ ನಾಯಿಯಂತೆ ಗದರಿಸಿದರೆ, ಅಲ್ಲಿ ಯಾವ ವ್ಯಾಕರಣ ಉಳಿದಂತಾಯಿತು? ಬಾಯಲ್ಲಿ ಸ್ವಜನ, ನಡತೆಯಲ್ಲಿ ಶ್ವಜನವೆಂದಾದರೆ ಅದು ಎಂತಹ ಶುದ್ಧಿ? ಮನೆಯಲ್ಲಿ ಮಕ್ಕಳಿಗೆ ಬರಹವನ್ನೂ ವ್ಯಾಕರಣವನ್ನೂ ಕಲಿಸಹೊರಟ ಸದ್ಗೃಹಸ್ಥರು ಪಾಟಿ ಹಿಡಿಯುವ ಮುನ್ನ ಯೋಚಿಸತಕ್ಕ ವಿಷಯವಿದು.

ಇಂದು ಈ ಯೋಚನೆಯು ಹೆಚ್ಚು ಅವಶ್ಯವಾಗಿದೆ. ಎಷ್ಟೋ ಮನೆಗಳ ಮಕ್ಕಳು ಇಂಗ್ಲಿಷ್ ಮಾಧ್ಯಮದ ಶಾಲೆಗಳಿಗೆ ಹೋಗುತ್ತಾರೆ. ಅವರು ಮನೆಯಲ್ಲಿ ಕನ್ನಡವನ್ನು ಸರಾಗವಾಗಿ ಆಡುತ್ತಾರೆ. ಆದರೆ ನಾಲ್ಕು ಸಾಲು ಬರೆಯೆಂದರೆ ಒತ್ತಕ್ಷರದಲ್ಲಿ ತಡವರಿಸುತ್ತಾರೆ. ಆದುದರಿಂದ ಕನ್ನಡದ ಬರಹವನ್ನು ಕಲಿಸುವ ಹೊಣೆಯ ಬಹುಭಾಗವು ತಾಯ್ತಂದೆಗಳ ಮೇಲೆ ಬಂದಿದೆ.

ಮೊದಲು ಒಂದು ಆಕ್ಷೇಪಕ್ಕೆ ಸಮಾಧಾನ ಹೇಳಬೇಕು. ಶರಣರು ತರ್ಕವ್ಯಾಕರಣಗಳ ಬಿರುದನ್ನು ಹೊತ್ತವರನ್ನು ಕಂಡು ನಕ್ಕವರಲ್ಲವೆ? ತಾಳಲಯಗಳ ಲೆಕ್ಕ ತಮಗೆ ತಿಳಿಯದೆಂದು ಬಸವಣ್ಣನವರೇ ಹೇಳಿಕೊಳ್ಳಲಿಲ್ಲವೆ? ಹಾಗಿರುವಾಗ ಭಕ್ತನ ಮನೆಯ ಮಗುವಿಗೆ ಸಂಧಿಸಮಾಸಗಳ ಗೊಡವೆಯೇಕೆಂದು ಕೆಲವರು ಕೇಳುತ್ತಾರೆ. ಶರಣರು ನಕ್ಕದ್ದು ವಿದ್ಯೆಯ ಅಹಂಕಾರವನ್ನು ಕಂಡು. ನುಡಿಯು ಸ್ಪಷ್ಟವಾಗಿರಬೇಕೆಂಬುದನ್ನು ಅವರಷ್ಟು ಬಲ್ಲವರು ವಿರಳ. ನೇಕಾರನಾದ ಜೇಡರ ದಾಸಿಮಯ್ಯ, ದೋಣಿ ನಡೆಸುವ ಅಂಬಿಗರ ಚೌಡಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಇವರೊಡನೆ ಮೂವತ್ತಕ್ಕೂ ಹೆಚ್ಚು ಶರಣೆಯರು ತಮ್ಮ ಅನುಭಾವವನ್ನು ನುಡಿಗೆ ತಂದರು. ನುಡಿಯು ಕೇಳುವವನಿಗೆ ಮುಟ್ಟಬೇಕೆಂಬ ಎಚ್ಚರವಿಲ್ಲದೆ ಆ ಕಾರ್ಯವು ಆಗುತ್ತಿರಲಿಲ್ಲ.

ಆ ನುಡಿಯು ಉಳಿದು ಬಂದದ್ದಾದರೂ ಬರೆಯಬಲ್ಲವರ ಕೈಯಿಂದಲೇ. ತಾಳೆಗರಿಯಲ್ಲಿ ಪದಗಳ ನಡುವೆ ಬಿಡುವಿಲ್ಲದೆ ಸಾಲು ಹರಿದಿರುತ್ತದೆ. ಹಳೆಯ ಬರಹದಲ್ಲಿ ಎಕಾರ ಏಕಾರಗಳಿಗೂ ಒಕಾರ ಓಕಾರಗಳಿಗೂ ಸಾಮಾನ್ಯವಾಗಿ ಭೇದ ತೋರಿಸುತ್ತಿರಲಿಲ್ಲ. 'ಕೊಡು' ಎಂಬುದೋ 'ಕೋಡು' ಎಂಬುದೋ ಓದುವವನೇ ನಿಶ್ಚಯಿಸಬೇಕು. ಫ. ಗು. ಹಳಕಟ್ಟಿಯವರು (1880–1964) ಇಂತಹ ಕಟ್ಟುಗಳನ್ನು ಮಠಮನೆಗಳಿಂದ ಅರಸಿ ತಂದು 1923 ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಿದರು. 1926 ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಪದವನ್ನು ಎಲ್ಲಿ ಬಿಡಿಸಬೇಕು, ಎಲ್ಲಿ ಕೂಡಿಸಬೇಕೆಂಬ ಜ್ಞಾನವಿಲ್ಲದಿದ್ದರೆ ವಚನಗಳು ಇಂದು ನಮ್ಮ ಕೈಗೆ ಬರುತ್ತಿರಲಿಲ್ಲ. ಪತಂಜಲಿಯು ಮಹಾಭಾಷ್ಯದ ಆರಂಭದಲ್ಲಿ ವ್ಯಾಕರಣಕ್ಕೆ ರಕ್ಷೆ, ಊಹ, ಆಗಮ, ಲಘು, ಅಸಂದೇಹ ಎಂದು ಐದು ಪ್ರಯೋಜನಗಳನ್ನು ಹೇಳಿದ್ದಾನೆ. ಇವುಗಳಲ್ಲಿ ಮೊದಲನೆಯದೂ ಕೊನೆಯದೂ ಗೃಹಸ್ಥರಿಗೆ ಸಾಕು. ಹಿರಿಯರ ನುಡಿಯನ್ನು ಕಾಯುವುದು ರಕ್ಷೆ. ಆಡಿದ ಮಾತು ಎರಡರ್ಥಕ್ಕೆ ಎಡೆಗೊಡದೆ ಕೇಳುವವನಿಗೆ ಸೇರುವುದು ಅಸಂದೇಹ. ಬರೆಯಲಾರದೆ ಸಾಲದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ, ಅದರಲ್ಲಿ ಏನಿದೆಯೆಂದು ಅರಿಯದೆ ಕೆಟ್ಟ ಕುಟುಂಬಗಳು ನಾಡಿನಲ್ಲಿ ಕಡಮೆಯಲ್ಲ. ಅಕ್ಷರವು ಅಂತಹವರಿಗೆ ಶೃಂಗಾರದ ವಸ್ತುವಾಗಿರಲಿಲ್ಲ; ಇದ್ದಿದ್ದರೆ ಮನೆಯ ಬಾಗಿಲಿಗೆ ಅಗಳಿಯಾಗುತ್ತಿತ್ತು.

ಕಲಿಸಬೇಕೆಂಬುದು ಹೀಗೆ ನಿಶ್ಚಯವಾದ ಮೇಲೆ, ಹೇಗೆ ಎಂಬ ಪ್ರಶ್ನೆ ಉಳಿಯುತ್ತದೆ. ಇಳಕಲ್ಲಿನ ನೇಕಾರರ ಓಣಿಯ ಒಂದು ಮನೆಯನ್ನು ಮನಸ್ಸಿನ ಮುಂದೆ ತಂದುಕೊಳ್ಳಬಹುದು. ತಂದೆಯು ಮಗ್ಗದ ಕುಣಿಯಿಂದ ಮೇಲೆದ್ದು ಕೈಕಾಲು ತೊಳೆದು, ಲಿಂಗಪೂಜೆ ಮುಗಿಸಿ, ಮಗನ ಪುಸ್ತಕವನ್ನು ಕೇಳುತ್ತಾನೆ. ಮಗನು ಬರೆದಿದ್ದಾನೆ: "ನಮ್ಮವ್ವ ಮನ್ಯಾಗ ಇಲ್ಲ. ಸಂತಿಗೆ ಹೋಗ್ಯಾಳ." ತಂದೆಗೆ ಸಿಟ್ಟು ಬರುತ್ತದೆ. "ಇದೇನ ಬರದೀಯೋ? ಮುದುಕ್ಯಾರು ಮಾತಾಡಿದಂಗ ಬರದೀಯಲ್ಲ!" ಎಂದು ಪುಸ್ತಕವನ್ನು ಎತ್ತಿ ಎಸೆಯುತ್ತಾನೆ. ಮೂಲೆಯಲ್ಲಿ ಕಂಡಿಕೆ ಸುತ್ತುತ್ತಿದ್ದ ಅಜ್ಜಿಯು ಈ ಮಾತನ್ನು ಕೇಳಿಯೂ ಕೇಳದಂತೆ ತಲೆ ತಗ್ಗಿಸುತ್ತಾಳೆ. ಮಗನು ಅಜ್ಜಿಯ ಮುಖವನ್ನು ನೋಡುತ್ತಾನೆ. ಆ ದಿನ ಅವನು ಕಲಿತದ್ದು ಸಪ್ತಮೀ ವಿಭಕ್ತಿಯನ್ನಲ್ಲ; ಅಜ್ಜಿಯ ಮಾತು ನಾಚಿಕೆಗೇಡಿನದೆಂಬುದನ್ನು. ತಂದೆಯು ಗದರಿಸಿದ್ದಾದರೂ ಅದೇ ಮನೆಯ ನುಡಿಯಲ್ಲಿಯೇ ಎಂಬುದು ಆ ತಂದೆಗೆ ಹೊಳೆಯಲೇ ಇಲ್ಲ.

ಆ ಮಗುವಿನ ವಾಕ್ಯವನ್ನು ಈಗ ಶಾಂತಚಿತ್ತದಿಂದ ನೋಡಬೇಕು. 'ಮನ್ಯಾಗ' ಎಂಬುದು 'ಮನೆಯೊಳಗೆ' ಎಂಬುದು ಸವೆದು ಬಂದ ರೂಪ. ಕೇಶಿರಾಜನು 13ನೆಯ ಶತಮಾನದಲ್ಲಿ 'ಶಬ್ದಮಣಿದರ್ಪಣ'ದಲ್ಲಿ ಸಪ್ತಮಿಗೆ ಹೇಳಿದ ಪ್ರತ್ಯಯವು 'ಒಳ್' ಎಂಬುದೇ. ಪುಸ್ತಕದ ಕನ್ನಡವು 'ಅಲ್ಲಿ' ಎಂಬುದನ್ನು ಹಿಡಿದಾಗ, ಅಜ್ಜಿಯ ಬಾಯಿ ಹಳೆಯ 'ಒಳ್' ಎಂಬುದರ ಜಾಡನ್ನು ಬಿಡಲಿಲ್ಲ. ಇನ್ನು 'ಹೋಗ್ಯಾಳ' ಎಂಬಲ್ಲಿ ಸ್ತ್ರೀಲಿಂಗವೂ ಏಕವಚನವೂ ತಪ್ಪದೆ ಇವೆ. ಆ ಮಗುವು ಎಂದೂ 'ಅವ್ವ ಹೋಗ್ಯಾನ' ಎಂದಿಲ್ಲ. ಲಿಂಗ, ವಚನಗಳ ಜ್ಞಾನವು ಭಕ್ತರ ಮನೆಯ ಕೂಸಿಗೆ ಎದೆಹಾಲಿನೊಡನೆಯೇ ಬಂದಿದೆಯೆಂದು ಹೇಳಿದರೆ ಅದು ಬರಿಯ ಚಮತ್ಕಾರವಾಗದು. ಮಗುವಿಗೆ ವ್ಯಾಕರಣವು ತಿಳಿದಿದೆ. ಒಂದೇ ವ್ಯಾಕರಣವು ಬರಹದಲ್ಲಿ ಬೇರೆ ಉಡುಗೆ ಉಡುತ್ತದೆಂಬುದಷ್ಟೇ ಅದಕ್ಕೆ ತಿಳಿಯದು.

ಈ ಸೀಮೆಯ ನುಡಿಯನ್ನು ಕೀಳೆಂದು ಭಾವಿಸುವವರು ಇನ್ನೊಂದನ್ನು ನೆನೆಯಬೇಕು. 9ನೆಯ ಶತಮಾನದ 'ಕವಿರಾಜಮಾರ್ಗ'ವು ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳ ನಡುವಿನ ನಾಡಿನದು ಕನ್ನಡದ ತಿರುಳೆಂದು ಹೇಳುತ್ತದೆ. ಆ ಕಿಸುವೊಳಲೇ ಬಾದಾಮಿಯ ನೆರೆಯ ಪಟ್ಟದಕಲ್ಲು. ಕೊಪಣವೇ ಇಂದಿನ ಕೊಪ್ಪಳ. ಎರಡೂ ಇಳಕಲ್ಲಿನಿಂದ ದೂರವಲ್ಲ. ಬಾದಾಮಿಯ ಬಂಡೆಯ ಮೇಲೆ ಸುಮಾರು 700 ರ ಹೊತ್ತಿಗೆ ಕೊರೆದ ಕಪ್ಪೆ ಅರಭಟ್ಟನ ಶಾಸನದಲ್ಲಿ ಕನ್ನಡದ ಪ್ರಾಚೀನ ತ್ರಿಪದಿಗಳಿವೆ. ಅಜ್ಜಿಯಂದಿರು ಬೀಸುವ ಕಲ್ಲಿನ ಮುಂದೆ ಕುಳಿತು ಹಾಡಿದ್ದೂ ಅದೇ ತ್ರಿಪದಿಯನ್ನು. ಓದು ಬರಹ ಅರಿಯದ ಬಾಯಿಯು ಸಾವಿರ ವರ್ಷಕ್ಕೂ ಮಿಗಿಲಾದ ಛಂದಸ್ಸನ್ನು ಕಾದಿಟ್ಟಿತು. ಅದನ್ನು ನಗೆಗೀಡುಮಾಡುವ ವಿದ್ಯೆಯು ವಿದ್ಯೆಯೆನಿಸದು.

ಹಾಗಾದರೆ ತಿದ್ದಲೇಬಾರದೇ? ಇದು ಇನ್ನೊಂದು ತುದಿ. 'ಕೂಸು ತಾನೇ ಕಲೀತದ ಬಿಡ್ರಿ' ಎಂದು ಸುಮ್ಮನಿರುವವರೂ ಇದ್ದಾರೆ. ಇದು ಪ್ರೀತಿಯಂತೆ ಕಾಣುವ ಉದಾಸೀನ. 'ದನ' ಎಂದರೆ ಹಸು ಎತ್ತು; 'ಧನ' ಎಂದರೆ ಹಣ. ಈ ಭೇದವನ್ನು ಅರಿಯದ ಮಗನು ನಾಳೆ ಪತ್ರ ಬರೆದಾಗ ಲೋಕವು ನಗುತ್ತದೆ. ತಂದೆಯು ತಿದ್ದದೆ ಬಿಟ್ಟದ್ದನ್ನು ಲೋಕವು ಕರುಣೆಯಿಲ್ಲದೆ ತಿದ್ದುತ್ತದೆ. ಆದುದರಿಂದ ತಿದ್ದುವುದು ಕರ್ತವ್ಯವೇ ಸರಿ.

'ತಿದ್ದು' ಎಂಬ ನಮ್ಮ ಮಾತಿನಲ್ಲಿಯೇ ಅದರ ವಿಧಾನವೂ ಇದೆ. ಅಕ್ಷರಾಭ್ಯಾಸದ ದಿನ ತಟ್ಟೆಯಲ್ಲಿ ಅಕ್ಕಿಯನ್ನು ಹರಡಿ, ಮಗುವಿನ ಬೆರಳನ್ನು ಹಿರಿಯರು ಹಿಡಿದು 'ಓಂ ನಮಃ ಶಿವಾಯ' ಎಂದು ಬರೆಯಿಸುತ್ತಾರೆ. ಮುಂದೆ ಗುರುವು ಪಾಟಿಯ ಮೇಲೆ ದೊಡ್ಡದಾಗಿ ಅಕ್ಷರವನ್ನು ಬರೆದುಕೊಡುತ್ತಾನೆ. ಮಗುವು ಅದರ ಮೇಲೆಯೇ ಬಳಪವನ್ನು ಮತ್ತೆ ಮತ್ತೆ ಆಡಿಸುತ್ತದೆ. ಇದಕ್ಕೂ ತಿದ್ದುವುದೆಂದೇ ಹೆಸರು. ತಪ್ಪನ್ನು ಸರಿಪಡಿಸುವುದೂ ತಿದ್ದುವುದೇ. ಹಿರಿಯರು ನಡೆದ ಗೆರೆಯ ಮೇಲೆ ಕಿರಿಯರು ನಡೆಯುವುದೂ ತಿದ್ದುವುದೇ. ಮೊದಲು ಬರೆದು ತೋರಿಸಿದವನಿಗೆ ಮಾತ್ರ ತಿದ್ದಿಸುವ ಅಧಿಕಾರವೆಂಬುದು ಇದರ ತಾತ್ಪರ್ಯ. ಲೋಕದ ಓರೆಕೋರೆಗಳನ್ನು ನೇರಮಾಡಹೊರಟವನು ಮೊದಲು ತನ್ನ ಒಳಗನ್ನು ನೋಡಿಕೊಳ್ಳಬೇಕೆಂಬುದು ಬಸವಣ್ಣನವರ ಪ್ರಸಿದ್ಧವಾದ ವಚನವೊಂದರ ಅಭಿಪ್ರಾಯ. ದಿನವೂ ಒಂದು ಸಾಲನ್ನೂ ಬರೆಯದ, ಒಂದು ಪುಟವನ್ನೂ ಓದದ ತಂದೆಯು ಮಗನ ಕೈಬರಹವನ್ನು ಹಳಿದರೆ ಆ ಹಳಿವಿಗೆ ತೂಕವಿರದು.

ಶರಣರ ಚರಿತ್ರೆಯಲ್ಲಿ ತಿದ್ದುವುದಕ್ಕೆ ಮೇಲ್ಪಂಕ್ತಿಯಾದವಳು ಆಯ್ದಕ್ಕಿ ಲಕ್ಕಮ್ಮ. ಆಕೆಯೂ ಮಾರಯ್ಯನೂ ಲಿಂಗಸೂಗೂರು ಸೀಮೆಯ ಅಮರೇಶ್ವರದವರೆಂದು ಸಂಪ್ರದಾಯವು ಹೇಳುತ್ತದೆ. ಕಲ್ಯಾಣದಲ್ಲಿ ಮಾರಯ್ಯನು ನೆಲಕ್ಕೆ ಉದುರಿದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಬೇಕಾದುದಕ್ಕಿಂತ ಮಿಗಿಲಾದುದು ನಮಗೆ ಸಲ್ಲದೆಂದು ಲಕ್ಕಮ್ಮನು ಅದನ್ನು ತಂದಲ್ಲಿಯೇ ಸುರಿದು ಬರಲು ಹೇಳಿದಳು. ಆಕೆ ತಪ್ಪನ್ನು ಮುಚ್ಚಲಿಲ್ಲ, ಮೆಲುದನಿಯಲ್ಲಿ ಮರೆಸಲೂ ಇಲ್ಲ. ಆದರೆ ಆ ಅಕ್ಕಿಯಲ್ಲಿ ಬೇಯುವ ಅನ್ನವನ್ನು ತಾನೂ ಉಣ್ಣತಕ್ಕವಳಾಗಿ, ನಷ್ಟದಲ್ಲಿ ಸಮಭಾಗಿಯಾಗಿ ತಿದ್ದಿದಳು. ಮಾರಯ್ಯನು ಅದರಿಂದ ಕುಗ್ಗಲಿಲ್ಲ. ಕಾಯಕದಲ್ಲಿ ಇನ್ನೂ ನೆಟ್ಟಗಾದನು.

ಇಳಕಲ್ಲಿನವರಿಗೆ ಇಂತಹ ಉದಾಹರಣೆಯು ಇನ್ನೂ ಹತ್ತಿರದಲ್ಲಿಯೇ ಇದೆ. ಚಿತ್ತರಗಿ–ಇಳಕಲ್ಲ ಶ್ರೀ ವಿಜಯಮಹಾಂತೇಶ್ವರ ಮಠದ ಡಾ. ಮಹಾಂತ ಶಿವಯೋಗಿಗಳು 1975 ರಲ್ಲಿ 'ಮಹಾಂತ ಜೋಳಿಗೆ'ಯನ್ನು ಆರಂಭಿಸಿ, 2018 ರಲ್ಲಿ ಲಿಂಗೈಕ್ಯರಾದರು. ಅವರು ಜನರ ಬಳಿಗೆ ಹೋಗಿ ಜೋಳಿಗೆಯನ್ನು ಒಡ್ಡಿ, ಕುಡಿತವೇ ಮೊದಲಾದ ದುಶ್ಚಟಗಳನ್ನು ಭಿಕ್ಷೆಯಾಗಿ ಬೇಡಿದರು. ಗುರುವು ದಂಡವನ್ನೆತ್ತದೆ ಕೈಯೊಡ್ಡಿ ನಿಂತಾಗ ಕೊಡುವವನ ಮಾನ ಉಳಿಯಿತು, ಚಟವು ಜೋಳಿಗೆಗೆ ಬಿದ್ದಿತು. ಮಗುವಿನ ಅಕ್ಷರದೋಷವನ್ನೂ ಹೀಗೆ ಬೇಡಿ ಪಡೆಯಬಹುದು. 'ಈ ಸಾಲಿನಲ್ಲಿ ಒಂದು ಒತ್ತು ತಪ್ಪಿದೆ, ಹುಡುಕಿ ಕೊಡಪ್ಪ' ಎಂದರೆ ಮಗುವು ತನ್ನ ತಪ್ಪನ್ನು ತಾನೇ ತಂದೊಪ್ಪಿಸುತ್ತದೆ.

ಮನೆಯ ಪಾಠದ ಕ್ರಮವೂ ಈ ದೃಷ್ಟಿಯಿಂದಲೇ ಏರ್ಪಡಬೇಕು. 49 ಅಕ್ಷರಗಳನ್ನೂ ಕಾಗುಣಿತದ ಬಳ್ಳಿಯನ್ನೂ ಬಾಯಿಪಾಠ ಮಾಡಿಸಿದ ಮೇಲೆ, ಮಗುವು ಆಡಿದ ಮಾತನ್ನೇ ಅದರಿಂದ ಬರೆಯಿಸಬೇಕು. 'ಮನ್ಯಾಗ' ಎಂಬುದರ ಪಕ್ಕದಲ್ಲಿ 'ಮನೆಯಲ್ಲಿ' ಎಂದೂ, 'ಸಾಲಿ' ಎಂಬುದರ ಪಕ್ಕದಲ್ಲಿ 'ಶಾಲೆ' ಎಂದೂ, 'ಮ್ಯಾಲೆ' ಎಂಬುದರ ಪಕ್ಕದಲ್ಲಿ 'ಮೇಲೆ' ಎಂದೂ ಬರೆಯಿಸಿ, ಇದು ಅಜ್ಜಿಯ ಮಾತು, ಇದು ಪುಸ್ತಕದ ಮಾತು, ಎರಡೂ ನಮ್ಮವೇ ಎಂದು ಹೇಳಬೇಕು. ಇಳಕಲ್ಲಿನ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ನೇಕಾರನು ಎರಡರ ಎಳೆಗಳನ್ನೂ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತಾನೆ. ಸೆರಗು ರೇಷ್ಮೆಯದೆಂದು ಹತ್ತಿಯ ಒಡಲನ್ನು ಕತ್ತರಿಸಿ ಚೆಲ್ಲುವುದಿಲ್ಲ. ಆ ಮನೆಯ ಮಗುವಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಸಂಧಿಯನ್ನು ಕಲಿಸುವಾಗ ಸೂತ್ರಕ್ಕಿಂತ ಮೊದಲು ಕೂಡಲಸಂಗಮವನ್ನು ನೆನಪಿಸಬಹುದು. ಮಲಪ್ರಭೆಯು ಕೃಷ್ಣೆಯನ್ನು ಕೂಡಿ ತನ್ನ ಹೆಸರನ್ನು ಬಿಡುತ್ತದೆ. 'ಊರು' ಮತ್ತು 'ಅಲ್ಲಿ' ಕೂಡಿ 'ಊರಲ್ಲಿ' ಆಗುವಾಗ ಉಕಾರವೂ ಹಾಗೆಯೇ ಲೋಪವಾಗುತ್ತದೆ. 'ಮನೆ' ಮತ್ತು 'ಅಲ್ಲಿ' ಕೂಡುವಾಗ ನಡುವೆ ಯಕಾರವು ಬಂದರೆ ಅದು ಆಗಮ. 'ಮಳೆ' ಮತ್ತು 'ಕಾಲ' ಕೂಡಿ 'ಮಳೆಗಾಲ'ವಾದರೆ ಆದೇಶ. ಮಗುವು ಇವನ್ನೆಲ್ಲ ಆಡಿಯೇ ಬಲ್ಲದು; ಬಲ್ಲುದಕ್ಕೆ ಹೆಸರಿಡುವುದಷ್ಟೇ ಪಾಠ. ದಿನಕ್ಕೊಂದು ಚಿಕ್ಕ ವಚನವನ್ನು ಉಕ್ತಲೇಖನವಾಗಿ ಹೇಳಿ ಬರೆಯಿಸಬೇಕು. ಹತ್ತು ತಪ್ಪುಗಳಿದ್ದರೆ ಅಂದು ಒಂದೇ ಬಗೆಯ ತಪ್ಪನ್ನು ತಿದ್ದಿ, ಉಳಿದುದನ್ನು ನಾಳೆಗೆ ಬಿಡಬೇಕು. ವಾರಕ್ಕೊಮ್ಮೆ ಅಜ್ಜಿಯು ಹೇಳಿದ ಕಥೆಯನ್ನೋ ಹಾಡನ್ನೋ ಅವಳು ಹೇಳಿದಂತೆಯೇ ಬರೆದುಕೊಳ್ಳಲಿ. ಆಗ ಬರಹದಿಂದ ಅಜ್ಜಿಯ ಮಾತು ದೂಡಲ್ಪಡದೆ, ಬರಹದೊಳಗೆ ಆಸನ ಪಡೆಯುತ್ತದೆ.

ನುಡಿಯು ನಡೆಯಲ್ಲಿ ಕಾಣಬೇಕೆಂಬುದು ಶರಣಧರ್ಮದ ಸಾರ. ವ್ಯಾಕರಣಕ್ಕೂ ಅದು ಅನ್ವಯಿಸುತ್ತದೆ. ಮೇಲೆ ಹೇಳಿದ ಮನೆಯ ತಂದೆಯು ಮರುದಿನ ಸಂಜೆ ಎಸೆದ ಪುಸ್ತಕವನ್ನು ತಾನೇ ಎತ್ತಿ ತಂದು, ಮಗನ ವಾಕ್ಯದ ಕೆಳಗೆ ತನ್ನ ಕೈಯಿಂದ ಶುದ್ಧರೂಪವನ್ನು ಬರೆದು, ತಾಯಿಯ ಕಡೆಗೆ ತಿರುಗಿ, "ಯವ್ವಾ, ನೀ ಒಂದು ಹಾಡು ಹೇಳು, ಇವ ಬರಕೊಳ್ಳಲಿ" ಎಂದು ಕೇಳಿದರೆ, ಅಂದು ಆ ಮನೆಯಲ್ಲಿ ಇಬ್ಬರ ತಪ್ಪು ತಿದ್ದಿದಂತಾಗುತ್ತದೆ. ಸುಭಾಷಿತದ ತಂದೆಯು ಬಯಸಿದಂತೆ ಅಲ್ಲಿ ಸ್ವಜನರು ಸ್ವಜನರಾಗಿಯೇ ಉಳಿಯುತ್ತಾರೆ, ಸಕಲವು ಚೂರಾಗದು. ಭಕ್ತರ ಮನೆಮನೆಯ ಪಾಟಿಯ ಮೇಲೆ ಇಂತಹ ಅಕ್ಷರಗಳು ಮೂಡಲೆಂದು ಗುರುಬಸವಲಿಂಗನಲ್ಲಿ ಬೇಡುವುದು.