ಏಕಾದಶಿ ಮಾಡುವವರಿಗೆ ಅನ್ನ ಬಿಡುವುದೇಕೆ ಕಷ್ಟ?

ತಿಂಗಳಿಗೆ ಎರಡು ಏಕಾದಶಿಯನ್ನು ಹನಿ ನೀರೂ ಮುಟ್ಟದೆ ಕಳೆಯುವ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ಶಬರಿಮಲೆಗೆ ಮಾಲೆ ಹಾಕಿದವನು 41 ದಿನ ಬೀಡಿ, ಬಾಡೂಟ ಎರಡನ್ನೂ ಬಿಟ್ಟು ತಣ್ಣಗೆ ಓಡಾಡಿಕೊಂಡಿರುತ್ತಾನೆ. ರಂಜಾನಿನಲ್ಲಿ ಗ್ಯಾರೇಜಿನ ಹುಡುಗ ಬಿರುಬಿಸಿಲಿನಲ್ಲಿ ಉಪವಾಸವಿದ್ದೇ ಸ್ಪ್ಯಾನರ್ ತಿರುಗಿಸುತ್ತಾನೆ. ಸಂಪ್ರದಾಯಸ್ಥ ಜೈನರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಊಟದ ಮಾತೇ ಇಲ್ಲ. ಇವರನ್ನು ನೋಡಿ ‘ಅಬ್ಬಾ, ಎಂಥ ಮನೋಬಲ’ ಎಂದು ಯಾರೂ ಬೆರಗಾಗುವುದಿಲ್ಲ. ಅದೇ ಮನುಷ್ಯ ರಕ್ತಪರೀಕ್ಷೆಯ ವರದಿ ನೋಡಿ ಗಾಬರಿಯಾಗಿ ಅನ್ನ, ಚಪಾತಿ ಇಳಿಸಿ, ಕಾಯಿ, ತುಪ್ಪ, ಮೊಟ್ಟೆ, ಪನೀರ್ ಏರಿಸುವ ಕ್ರಮಕ್ಕೆ ಇಳಿದರೆ ಮೂರನೇ ವಾರಕ್ಕೆ ಬಿಸಿಬೇಳೆ ಬಾತಿನ ಮುಂದೆ ಕೈಚೆಲ್ಲಿ ಕೂತಿರುತ್ತಾನೆ. ‘ನನಗೆ ಬಾಯಿ ಕಟ್ಟೋಕೆ ಆಗಲ್ಲ’ ಎಂದು ತನ್ನ ಮೇಲೆ ತಾನೇ ತೀರ್ಪು ಬರೆದುಕೊಳ್ಳುತ್ತಾನೆ. ಆ ತೀರ್ಪು ನನಗೆ ಒಪ್ಪಿಗೆಯಿಲ್ಲ. ಏಕಾದಶಿಯಂದು ಕಟ್ಟಿದ ಬಾಯಿಯೂ ಅವನದೇ ತಾನೆ?

ವ್ರತಕ್ಕೆ ಇರುವ ಅನುಕೂಲಗಳನ್ನು ಗಮನಿಸಿ. ದಿನವನ್ನು ಪಂಚಾಂಗ ಗೊತ್ತು ಮಾಡಿದೆ, ನಾವಲ್ಲ. ನಿಯಮ ಒಂದೇ ಸಾಲಿನದು. ಏನು ಸಲ್ಲುತ್ತದೆ, ಏನು ಸಲ್ಲದು ಎಂದು ಮನೆಯ ಮಗುವಿಗೂ ಗೊತ್ತು. ಅಡುಗೆಮನೆ ಹಿಂದಿನ ರಾತ್ರಿಯೇ ಅದಕ್ಕೆ ಸಜ್ಜಾಗಿರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಯಾರೂ ಒತ್ತಾಯ ಮಾಡುವುದಿಲ್ಲ. ‘ಇವತ್ತು ಏಕಾದಶಿ’ ಎಂದರೆ ಎಂಥ ಆತಿಥ್ಯದ ಮನೆಯವರೂ ಬಡಿಸುವ ಕೈ ಹಿಂದಕ್ಕೆ ತೆಗೆಯುತ್ತಾರೆ. ‘ನಾನು ಲೋ ಕಾರ್ಬ್’ ಎಂದು ನೋಡಿ, ಪಕ್ಕದಲ್ಲಿ ಕೂತವರೆಲ್ಲ ವೈದ್ಯರಾಗುತ್ತಾರೆ. ಒಬ್ಬರು ಅನ್ನ ಬಿಟ್ಟರೆ ನಿಶ್ಶಕ್ತಿ ಎನ್ನುತ್ತಾರೆ, ಇನ್ನೊಬ್ಬರು ತುಪ್ಪ ತಿಂದರೆ ಹೃದಯಕ್ಕೆ ಕುತ್ತು ಎನ್ನುತ್ತಾರೆ, ಮೂರನೆಯವರು ‘ಒಂದು ದಿನಕ್ಕೇನಾಗುತ್ತೆ’ ಎಂದು ಹೋಳಿಗೆ ಹಾಕಿಯೇ ಬಿಡುತ್ತಾರೆ. ದಿನಕ್ಕೆ ಮೂರು ಸಲ, ಹಸಿದ ಹೊಟ್ಟೆಯಲ್ಲಿ, ತಟ್ಟೆಯ ಮುಂದೆ ಕೂತು ಈ ವಾದವನ್ನು ಹೊಸದಾಗಿ ಗೆಲ್ಲಬೇಕೆಂದರೆ ಯಾರಾದರೂ ಸೋಲುತ್ತಾರೆ. ಆದ್ದರಿಂದ ತಟ್ಟೆಯ ಮುಂದೆ ತೀರ್ಮಾನಿಸಬೇಕಾದ ಸಂಗತಿಯೇ ಉಳಿಯದ ಹಾಗೆ ವ್ರತದಷ್ಟು ಸರಳವಾದ ನಿಯಮವನ್ನು ಮೊದಲೇ ಕಟ್ಟಿಕೊಳ್ಳಬೇಕು. ಈ ಆಹಾರಕ್ರಮ ಹಿಡಿದು ನಿಲ್ಲುವವರನ್ನೂ ಬಿಟ್ಟು ಕೂರುವವರನ್ನೂ ನೋಡುತ್ತ ಬಂದ ನನಗೆ ಕಂಡ ವ್ಯತ್ಯಾಸ ಬಹುಮಟ್ಟಿಗೆ ಇಷ್ಟೇ.

ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಇದನ್ನು 160 ವರ್ಷಗಳ ಹಿಂದೆಯೇ ಮಾಡಿ ತೋರಿಸಿದ. ರಾಜಮನೆತನದ ಅಂತ್ಯಸಂಸ್ಕಾರಗಳ ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ಮನೆತನ ಅವನದು. ಅರವತ್ತು ದಾಟಿದ ಮೇಲೆ ತನ್ನ ಬೂಟಿನ ದಾರ ಕಟ್ಟಿಕೊಳ್ಳಲೂ ಬಗ್ಗಲಾಗದಷ್ಟು ದಪ್ಪಗಿದ್ದ. ಕಿವಿ ಮಂದವಾಯಿತೆಂದು ವಿಲಿಯಂ ಹಾರ್ವೆ ಎಂಬ ವೈದ್ಯನ ಬಳಿ ಹೋದರೆ, ಆತ ಬ್ರೆಡ್ಡು, ಸಕ್ಕರೆ, ಬಿಯರ್, ಆಲೂಗಡ್ಡೆ ಬಿಡು ಎಂದ. ತೂಕ ಇಳಿದ ಖುಷಿಯಲ್ಲಿ ಬ್ಯಾಂಟಿಂಗ್ 1863ರಲ್ಲಿ ಒಂದು ಕಿರುಹೊತ್ತಗೆ ಬರೆದು ತನ್ನ ಖರ್ಚಿನಲ್ಲೇ ಅಚ್ಚು ಹಾಕಿಸಿದ. ಅವನದು ಇಂದಿನ ಅರ್ಥದ ಹೆಚ್ಚು ಕೊಬ್ಬಿನ ಊಟವಾಗಿರಲಿಲ್ಲ. ಸಾಲ್ಮನ್ ಮೀನು, ಹಂದಿಮಾಂಸಗಳನ್ನು ಅವನು ಮುಟ್ಟುತ್ತಿರಲಿಲ್ಲ. ನನ್ನ ಗಮನ ಸೆಳೆಯುವುದು ಅವನ ಪಟ್ಟಿಯ ಧಾಟಿ. ಬೆಳಿಗ್ಗೆ ಇಷ್ಟು ಔನ್ಸ್ ಮಾಂಸ, ಹಾಲು ಸಕ್ಕರೆಯಿಲ್ಲದ ಚಹಾ, ಒಂದು ಔನ್ಸ್ ಒಣ ಟೋಸ್ಟ್; ಮಧ್ಯಾಹ್ನ ಮೀನೋ ಮಾಂಸವೋ, ಆಲೂಗಡ್ಡೆಯಲ್ಲದ ಯಾವುದಾದರೂ ತರಕಾರಿ, ಎರಡು ಮೂರು ಲೋಟ ದ್ರಾಕ್ಷಾರಸ. ದಿನವೂ ಅದೇ. ಆ ಒಂದು ಚೂರು ಟೋಸ್ಟಿಗೂ ಪಟ್ಟಿಯಲ್ಲಿ ಜಾಗವಿತ್ತಾದ್ದರಿಂದ ಅದನ್ನು ಕದ್ದು ತಿನ್ನಬೇಕಾದ ಪ್ರಮೇಯ ಅವನಿಗಿರಲಿಲ್ಲ. 1878ರವರೆಗೆ, ಎಂಬತ್ತು ದಾಟುವ ತನಕ ಬಾಳಿದ.

ಯಾವ ಡಯಟ್ ದೊಡ್ಡದು ಎಂಬ ಜಗಳಕ್ಕಿಂತ ಯಾವುದನ್ನು ಹಿಡಿದು ನಡೆಸಬಲ್ಲೆವು ಎಂಬುದೇ ಹೆಚ್ಚು ಲೆಕ್ಕಕ್ಕೆ ಬರುತ್ತದೆ ಎನ್ನುವುದಕ್ಕೆ ಆಧಾರವಿದೆ. ಬಾಸ್ಟನ್ನಿನಲ್ಲಿ 160 ಜನರನ್ನು ನಾಲ್ಕು ಬಗೆಯ ಆಹಾರಕ್ರಮಗಳಿಗೆ ಹಂಚಿ ವರ್ಷವಿಡೀ ನೋಡಿದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಪಿಷ್ಟ ಕಡಿಮೆಯ ಅಟ್ಕಿನ್ಸ್ ಗುಂಪಿನ 40 ಮಂದಿಯಲ್ಲಿ ಕೊನೆವರೆಗೆ ಉಳಿದವರು 21. ತೂಕ ಎಷ್ಟು ಇಳಿಯಿತು ಎಂಬುದು ಡಯಟ್ಟಿನ ಹೆಸರಿಗಿಂತ ಅದನ್ನು ಎಷ್ಟು ನಿಷ್ಠೆಯಿಂದ ಪಾಲಿಸಿದರು ಎಂಬುದಕ್ಕೆ ತಾಳೆಯಾಯಿತು. 2018ರಲ್ಲಿ ಸ್ಟ್ಯಾನ್‌ಫರ್ಡಿನ ಕ್ರಿಸ್ಟೋಫರ್ ಗಾರ್ಡ್‌ನರ್ ತಂಡ 609 ಜನರ ಮೇಲೆ ನಡೆಸಿದ ಪ್ರಯೋಗದಲ್ಲೂ ಕಡಿಮೆ ಕೊಬ್ಬಿನವರಿಗೂ ಕಡಿಮೆ ಪಿಷ್ಟದವರಿಗೂ ಸರಾಸರಿಯಲ್ಲಿ ಹೇಳಿಕೊಳ್ಳುವ ಅಂತರ ಕಾಣಲಿಲ್ಲ. ಆದರೆ ಎರಡೂ ಗುಂಪಿನೊಳಗೆ ಕೆಲವರು 25 ಕಿಲೋಗೂ ಹೆಚ್ಚು ಇಳಿದಿದ್ದರು, ಕೆಲವರು ಏರಿದ್ದರು. ಹಾಗಾಗಿ ಈ ಕ್ರಮವೇ ಎಲ್ಲರಿಗೂ ಮದ್ದು ಎಂದು ಪ್ರಚಾರ ಮಾಡುವವರ ಮಾತನ್ನು ನಾನು ಅರ್ಧ ಕಿವಿಯಲ್ಲಷ್ಟೇ ಕೇಳುತ್ತೇನೆ. ಅನ್ನದ ತಟ್ಟೆ ಭಾರವಾಗಿರುವ ನಮ್ಮ ಕಡೆಯಲ್ಲಿ ಪಿಷ್ಟ ಇಳಿಸುವುದಕ್ಕೆ ಕಾರಣವಂತೂ ಧಾರಾಳವಾಗಿದೆ. ಐಸಿಎಂಆರ್ ಸಮೀಕ್ಷೆಯ ಪ್ರಕಾರ ಭಾರತೀಯರ ಊಟದ ಶಕ್ತಿಯಲ್ಲಿ ಸುಮಾರು ಶೇ. 62 ಬರುವುದೇ ಕಾರ್ಬೋಹೈಡ್ರೇಟಿನಿಂದ. ದೇಶದಲ್ಲಿ ಮಧುಮೇಹಿಗಳು 10 ಕೋಟಿ ದಾಟಿದ್ದಾರೆಂದು ಅದೇ ಸಮೀಕ್ಷೆ 2023ರಲ್ಲಿ ಹೇಳಿತು.

ಲೆಕ್ಕ ಸ್ವಲ್ಪ ಗೊತ್ತಿರಬೇಕು. ದಿನಕ್ಕೆ 130 ಗ್ರಾಂಗಿಂತ ಕಡಿಮೆ ಕಾರ್ಬೋಹೈಡ್ರೇಟ್ ಇದ್ದರೆ ಅದನ್ನು ಸಾಮಾನ್ಯವಾಗಿ ಕಡಿಮೆ ಪಿಷ್ಟದ ಊಟ ಎನ್ನುತ್ತಾರೆ. 50 ಗ್ರಾಂಗಿಂತ ಕೆಳಗಿಳಿದರೆ ಕೀಟೊ. ನೂರು ಗ್ರಾಂ ಬೆಂದ ಅನ್ನದಲ್ಲಿ ಸುಮಾರು 28 ಗ್ರಾಂ ಇರುತ್ತದೆ, ಮಧ್ಯಾಹ್ನ ಒಬ್ಬರು ಸಲೀಸಾಗಿ 300 ಗ್ರಾಂ ಅನ್ನ ಉಣ್ಣುತ್ತಾರೆ. ರಾಗಿಮುದ್ದೆ ತಿಂದರೆ ಸಕ್ಕರೆ ಏರುವುದಿಲ್ಲ ಎಂಬ ನಂಬಿಕೆಯನ್ನೂ ಇಲ್ಲೇ ಸ್ವಲ್ಪ ಅಲುಗಾಡಿಸಬೇಕು. ರಾಗಿಯಲ್ಲಿ ನಾರು, ಸುಣ್ಣದ ಅಂಶ ಎರಡೂ ಚೆನ್ನಾಗಿವೆ, ನಿಜ. ಆದರೆ ನೂರು ಗ್ರಾಂ ಹಿಟ್ಟಿನ ಒಂದು ಮುದ್ದೆಯಲ್ಲಿ 65ರಿಂದ 70 ಗ್ರಾಂ ಕಾರ್ಬೋಹೈಡ್ರೇಟೂ ಇದೆ. ಬೆಲ್ಲದ ವಿಷಯದಲ್ಲಿ ಚರ್ಚೆಯೇ ಬೇಡ, ಅದು ಬಣ್ಣದ ಸಕ್ಕರೆ. ಇನ್ನು, ಪಿಷ್ಟ ಇಳಿಸದೆ ಕೊಬ್ಬು ಮಾತ್ರ ಏರಿಸುವವರಿದ್ದಾರೆ: ‘ತುಪ್ಪ ಒಳ್ಳೆಯದಂತೆ’ ಎಂದು ಅದೇ ರಾಶಿ ಅನ್ನದ ಮೇಲೆ ಇನ್ನೆರಡು ಚಮಚ. ಇದಕ್ಕಿಂತ ಮೊದಲಿನ ಊಟವೇ ವಾಸಿ.

ನಮ್ಮ ಅಡುಗೆಮನೆಯಲ್ಲಿ ಎಡವುವುದು ಹೆಚ್ಚಾಗಿ ಬೆಳಗಿನ ಹೊತ್ತು. ಇಡ್ಲಿ, ದೋಸೆ, ಉಪ್ಪಿಟ್ಟು, ಅವಲಕ್ಕಿ, ಚಿತ್ರಾನ್ನ, ಶಾವಿಗೆ, ಅಕ್ಕಿರೊಟ್ಟಿ ಎಂದು ಕನ್ನಡಿಗರ ತಿಂಡಿಯ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದರೆ ಪಿಷ್ಟವೇ ಹತ್ತು ವೇಷ ಹಾಕಿಕೊಂಡು ಬಂದಂತಿದೆ. ಇಲ್ಲಿ ರಾಜಿಗಿಂತ ಪೂರ್ತಿ ಬದಲಾವಣೆಯೇ ಸುಲಭ. ಮೊಟ್ಟೆ ತಿನ್ನುವವರಿಗೆ ಈರುಳ್ಳಿ, ಹಸಿಮೆಣಸು ಹಾಕಿದ ಎರಡು ಮೂರು ಮೊಟ್ಟೆ, ಜೊತೆಗೆ ಕಾಯಿಚಟ್ನಿ. ತಿನ್ನದವರಿಗೆ ಪನೀರ್ ಬುರ್ಜಿ, ಇಲ್ಲವೇ ನೆನೆಸಿದ ಶೇಂಗಾ ಬೇಯಿಸಿ ಕಾಯಿತುರಿ ಹಾಕಿದ ಉಸಲಿ. ವಾರದ ಐದು ದಿನ ಇವೆರಡೇ ಸಾಕು, ಬೇಜಾರಾಗಲಿ ಬಿಡಿ. ಬೇಜಾರು ನಿಯಮದ ಶತ್ರು ಎಂದು ತಿಳಿದವರು ದಿನಕ್ಕೊಂದು ಹೊಸ ಕೀಟೊ ರೆಸಿಪಿ ಹುಡುಕಿ, ಬಾದಾಮಿ ಹಿಟ್ಟಿನ ದೋಸೆ ಹರಿದು ಹೋಗಿ, ಹದಿನೈದೇ ದಿನದಲ್ಲಿ ಸುಸ್ತಾಗುತ್ತಾರೆ.

ಮಧ್ಯಾಹ್ನದ್ದು ಅಷ್ಟು ಕಷ್ಟವಲ್ಲ. ಅನ್ನವನ್ನು ಎತ್ತಿಟ್ಟರೂ ನಮ್ಮ ಊಟದಲ್ಲಿ ಉಳಿಯುವುದು ಬೇಕಾದಷ್ಟಿದೆ: ಕಾಯಿ ಧಾರಾಳವಾಗಿ ಹಾಕಿದ ಹುರುಳಿಕಾಯಿ ಪಲ್ಯ, ಬೂದುಗುಂಬಳದ ಮಜ್ಜಿಗೆಹುಳಿ, ಬಸಳೆ ಸೊಪ್ಪು, ಬದನೆಕಾಯಿ ಎಣ್ಣೆಗಾಯಿ, ಸೌತೆಕಾಯಿ ಕೋಸಂಬರಿ, ಗಟ್ಟಿ ಮೊಸರು. ಪಲ್ಯ ಎರಡು ಚಮಚದ ಮರ್ಯಾದೆ ಬಿಟ್ಟು ಬಟ್ಟಲಿಗೆ ಏರಬೇಕು, ಸಾರನ್ನು ಲೋಟದಲ್ಲಿ ಕುಡಿಯಬೇಕು. ಕರಾವಳಿಯವರ ಅದೃಷ್ಟ ದೊಡ್ಡದು. ಬಂಗುಡೆ, ಬೂತಾಯಿ, ತೆಂಗಿನಕಾಯಿಯ ಗಸಿ ಎಲ್ಲವೂ ಈ ಕ್ರಮಕ್ಕೇ ಹೇಳಿ ಮಾಡಿಸಿದ ಹಾಗಿವೆ, ಕುಚ್ಚಲಕ್ಕಿಯನ್ನು ಒಪ್ಪಿಸುವುದೊಂದೇ ಕಷ್ಟ. ಶುದ್ಧ ಸಸ್ಯಾಹಾರಿಗಳಿಗೆ ಸ್ವಲ್ಪ ಯೋಚನೆ ಬೇಕಾಗುತ್ತದೆ, ಏಕೆಂದರೆ ಪ್ರೋಟೀನಿಗೆಂದು ನಂಬಿದ ಬೇಳೆಯಲ್ಲೂ ಅರ್ಧಕ್ಕಿಂತ ಹೆಚ್ಚು ಕಾರ್ಬೋಹೈಡ್ರೇಟೇ ಇದೆ. ಅವರು ಕೀಟೊದ ಕಟ್ಟುನಿಟ್ಟಿಗೆ ಹೋಗದೆ, ಒಂದು ಹಿಡಿ ಕಾಳು ಉಳಿಸಿಕೊಂಡು 100 ಗ್ರಾಂ ಸುತ್ತಮುತ್ತ ನಿಲ್ಲುವುದು ಜಾಣತನ ಎಂದು ನನ್ನ ಅಭಿಪ್ರಾಯ. ದುಡ್ಡಿನ ಮಾತೂ ಇದೆ. ಪಡಿತರದಲ್ಲಿ ಅಕ್ಕಿ ಬರುತ್ತದೆ, ಪನೀರ್ ಬರುವುದಿಲ್ಲ. ಬಾದಾಮಿ, ಬೆಣ್ಣೆಹಣ್ಣು, ಚೀಸ್‌ಗಳ ಚಿತ್ರ ನೋಡಿ ಹೆದರುವವರಿಗೆ ಮೊಟ್ಟೆ, ಶೇಂಗಾ, ತೆಂಗಿನಕಾಯಿ, ಸೊಪ್ಪು ಇವಿಷ್ಟರಲ್ಲೇ ದಾರಿಯಿದೆ.

ಮೊದಲ ವಾರ ತಲೆನೋವು, ಸುಸ್ತು, ಕಾಲುಸೆಳೆತ ಬರಬಹುದು. ಇನ್ಸುಲಿನ್ ಇಳಿದಾಗ ಮೂತ್ರದಲ್ಲಿ ಉಪ್ಪು, ನೀರು ಹೆಚ್ಚು ಹೋಗುವುದರಿಂದ ಹೀಗೆ. ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇಲ್ಲದವರಿಗೆ ಉಪ್ಪು ಹಾಕಿದ ಮಜ್ಜಿಗೆ, ತಿಳಿಸಾರು ಸಾಕಾಗುತ್ತದೆ. ಮೊದಲು ಸರ್ರನೆ ಇಳಿಯುವ ಎರಡು ಮೂರು ಕಿಲೋದಲ್ಲಿ ಹೆಚ್ಚಿನದು ನೀರೇ, ಆಮೇಲೆ ಇಳಿತ ನಿಧಾನವಾದಾಗ ಅದಕ್ಕಾಗಿ ಎದೆಗುಂದಬೇಕಿಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಿರುವವರು ಮಾತ್ರ ವೈದ್ಯರನ್ನು ಕೇಳದೆ ಒಂದು ಹೆಜ್ಜೆಯನ್ನೂ ಇಡಕೂಡದು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುತ್ತ ಏಕಾಏಕಿ ಅನ್ನ ಬಿಟ್ಟರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಡಪಾಗ್ಲಿಫ್ಲೋಜಿನ್ ಜಾತಿಯ ಮಾತ್ರೆಯೊಂದಿಗೆ ಕೀಟೊ ಮಾಡಿದರೆ, ಸಕ್ಕರೆಯ ಮಟ್ಟ ಹೆಚ್ಚೇನೂ ಏರದೆಯೇ ರಕ್ತ ಆಮ್ಲೀಯವಾಗುವ ಕೀಟೋಆಸಿಡೋಸಿಸ್ ಬರಬಹುದು, ಅದು ಜೀವಕ್ಕೇ ಎರವಾದೀತು. ಗರ್ಭಿಣಿಯರಿಗೂ ಮೂತ್ರಪಿಂಡದ ರೋಗಿಗಳಿಗೂ ಇದು ಸ್ವಂತ ಪ್ರಯೋಗದ ವಿಷಯವೇ ಅಲ್ಲ.

ಮನೆಯೊಳಗೆ ಹಿಡಿತಕ್ಕೆ ಬಂದದ್ದು ಬೀಗರ ಊಟದಲ್ಲಿ ತಪ್ಪಿಹೋಗುತ್ತದೆ. ಆಹಾರಕ್ರಮ ನಡವಳಿಕೆಯ ವಿಷಯವೂ ಆಗುವುದು ಇಲ್ಲಿಯೇ. ಬಾಳೆಎಲೆಗೆ ಮೊದಲು ಬರುವುದು ಕೋಸಂಬರಿ, ಪಲ್ಯ, ಗೊಜ್ಜು. ಅನ್ನದವರು ಸಾಲಿನ ಆ ತುದಿಯಲ್ಲಿರುವಾಗಲೇ ಪಲ್ಯವನ್ನು ಎರಡನೇ ಸಲ ಕೇಳಿ ಹಾಕಿಸಿಕೊಂಡರೆ ಎಲೆ ತುಂಬಿರುತ್ತದೆ, ಬಡಿಸುವವರಿಗೂ ಸಂತೋಷ. ಅನ್ನ ಬಂದಾಗ ಎಲೆಗೆ ಅಡ್ಡ ಕೈ ಹಿಡಿದು ‘ಸಾಕು’ ಎಂದರೆ ಮುಗಿಯಿತು. ಕಾರಣ ಹೇಳಿದಿರೋ ವಾದಕ್ಕೆ ಕರೆದ ಹಾಗೆ. ಇನ್ಸುಲಿನ್ನಿನ ಪಾಠ ಪಂಕ್ತಿಯಲ್ಲಿ ಬೇಡವೇ ಬೇಡ. ಪಕ್ಕದವರ ಹೋಳಿಗೆಯನ್ನು ವಿಷ ಎಂದು ಕರೆಯುವವನಿಗೆ ತೂಕ ಇಳಿದರೂ ಊಟಕ್ಕೆ ಕರೆಯುವ ನೆಂಟರು ಉಳಿಯುವುದಿಲ್ಲ. ಗುಡಿಯ ಪ್ರಸಾದ ಕೈಗೆ ಬಂದರೆ ಕಣ್ಣಿಗೊತ್ತಿಕೊಂಡು ಚಿಟಿಕೆಯಷ್ಟು ಬಾಯಿಗೆ ಹಾಕಿ, ಉಳಿದದ್ದನ್ನು ಪಕ್ಕದ ಮಗುವಿಗೆ ಕೊಡಿ. ಆಫೀಸಿನ ನಾಲ್ಕು ಗಂಟೆಯ ಚಹಾದ ಬಿಸ್ಕತ್ತಿಗೆ ಸಭ್ಯತೆಯ ಸಮಸ್ಯೆಯೂ ಇಲ್ಲ. ಡ್ರಾಯರಿನಲ್ಲಿ ಶೇಂಗಾ ಡಬ್ಬಿ ಇದ್ದರೆ ಕೈ ಅತ್ತ ಹೋಗುವುದಿಲ್ಲ.

ವ್ರತದ ಹೋಲಿಕೆ ಒಂದು ಕಡೆ ನಿಂತುಬಿಡುತ್ತದೆ. 41 ದಿನದ ಮಾಲೆಯನ್ನು ತೆಗೆಯುವ ದಿನವೊಂದಿದೆ, ಏಕಾದಶಿಯ ಮರುದಿನ ದ್ವಾದಶಿಯ ಪಾರಣೆಯಿದೆ. ಈ ಊಟಕ್ಕೆ ಹಾಗೆ ಕೊನೆಯಿಲ್ಲ. (ಏಕಾದಶಿಯ ಫಲಾಹಾರವೂ ನಮಗೆ ಮಾದರಿಯಾಗದು. ಸಬ್ಬಕ್ಕಿ ಕಿಚಡಿ ಹೆಚ್ಚುಕಡಿಮೆ ಬರೀ ಪಿಷ್ಟ, ಅನ್ನಕ್ಕಿಂತ ಒಂದು ಕೈ ಮೇಲೆಯೇ.) ವ್ರತ ಒಮ್ಮೆ ಭಂಗವಾದರೆ ಮುಗಿಯಿತು ಎಂಬ ಭಾವನೆಯನ್ನು ಇಲ್ಲಿಗೆ ತಂದರೆ ಕೆಡುತ್ತೇವೆ, ಒಂದು ಜಿಲೇಬಿ ತಿಂದವನು ‘ಹೇಗೂ ಹಾಳಾಯ್ತು’ ಎಂದು ರಾತ್ರಿ ಬಿರಿಯಾನಿಗೂ ಕೂರುತ್ತಾನೆ. ಲಂಡನ್ನಿನ ಸಂಶೋಧಕಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನ ಹೊಸ ಅಭ್ಯಾಸವೊಂದನ್ನು ರೂಢಿಸಿಕೊಳ್ಳುವುದನ್ನು ಹಿಂಬಾಲಿಸಿ, ಫಲಿತಾಂಶವನ್ನು 2010ರಲ್ಲಿ ಪ್ರಕಟಿಸಿದರು. ಅಭ್ಯಾಸ ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಮಧ್ಯಮ ಲೆಕ್ಕದಲ್ಲಿ 66 ದಿನ ಬೇಕಾಯಿತು, ಒಬ್ಬೊಬ್ಬರಿಗೆ 18ರಿಂದ 254 ದಿನಗಳವರೆಗೂ ವ್ಯತ್ಯಾಸವಿತ್ತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವ ಹಾನಿಯೇನೂ ಆಗಲಿಲ್ಲ. ಹಾಗಿದ್ದ ಮೇಲೆ ತಪ್ಪುವ ದಿನಗಳನ್ನು ನಾವೇ ಆರಿಸಿಕೊಳ್ಳುವುದು ಮೇಲು. ಹೊಸ ಕ್ಯಾಲೆಂಡರ್ ಬಂದಾಗಲೇ ಯುಗಾದಿಯ ಹೋಳಿಗೆ, ಚೌತಿಯ ಕಡುಬು, ಸಂಕ್ರಾಂತಿಯ ಎಳ್ಳುಬೆಲ್ಲ, ಮನೆಯವರ ಹುಟ್ಟುಹಬ್ಬಗಳಿಗೆ ಗುರುತು ಹಾಕಿಡಿ. ಆ ದಿನ ಮನಸಾರೆ ತಿನ್ನಿ, ಮರುದಿನ ಬೆಳಿಗ್ಗೆ ಮತ್ತೆ ಮೊಟ್ಟೆ. ಗುರುತಿಲ್ಲದ ದಿನ ಯಾರೋ ತಂದ ಮೈಸೂರು ಪಾಕಿನ ಬಗ್ಗೆ ಯೋಚಿಸುವ ಕೆಲಸವೂ ಆಗ ಉಳಿಯುವುದಿಲ್ಲ.

ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸಿ, ಸಕ್ಕರೆಯ ಜೊತೆಗೆ ಕೊಲೆಸ್ಟ್ರಾಲನ್ನೂ. ಕೆಲವರಿಗೆ ಈ ಊಟದಲ್ಲಿ ಎಲ್‌ಡಿಎಲ್ ತೀರಾ ಏರುತ್ತದೆ. ಏರಿದರೆ ‘ಅದೆಲ್ಲ ಔಷಧ ಕಂಪನಿಗಳ ಮೋಸ’ ಎನ್ನುವ ವಿಡಿಯೊ ಹುಡುಕುವ ಬದಲು ವೈದ್ಯರ ಜೊತೆ ಕೂತು ಮಾತಾಡಿ. ಬೆಣ್ಣೆ ತುಪ್ಪ ಇಳಿಸಿ ಶೇಂಗಾ, ಮೀನು, ಎಳ್ಳೆಣ್ಣೆಯ ಕಡೆ ವಾಲಿ, ಅಥವಾ ಕಾಳಿನ ಪಾಲು ಹೆಚ್ಚಿಸಿ. ನಿಯಮ ಇರುವುದು ದೇಹಕ್ಕಾಗಿ.

ಇನ್ನೊಂದು ಮಾತನ್ನು ಡಯಟ್ ಪುಸ್ತಕಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಗಂಡಸು ‘ನಾನು ಅನ್ನ ಬಿಟ್ಟೆ’ ಎಂದು ಘೋಷಿಸಿದ ದಿನದಿಂದ ಮನೆಯಲ್ಲಿ ಎರಡು ಅಡುಗೆ ಶುರುವಾಗುತ್ತದೆ, ಅದನ್ನು ಮಾಡುವವಳು ಹೆಂಡತಿ ಅಥವಾ ತಾಯಿ. ಒಂದು ಬಟ್ಟಲು ಪಲ್ಯ ಮೂರು ಬಟ್ಟಲಾದರೆ ನಾರು ತೆಗೆದು ಹೆಚ್ಚುವ ಕೆಲಸವೂ ಮೂರು ಪಟ್ಟು. ಅವಳು ಒಂದು ತಿಂಗಳು ಸಹಿಸಿ, ಎರಡನೇ ತಿಂಗಳು ‘ಇವತ್ತೊಂದಿನ ಎಲ್ಲರ ಜೊತೆ ಪುಳಿಯೋಗರೆ ತಿನ್ನಿ’ ಎಂದರೆ ತಪ್ಪು ಅವಳದಲ್ಲ. ಬಹಳಷ್ಟು ಮನೆಗಳಲ್ಲಿ ಈ ಕ್ರಮ ಮುರಿದುಬೀಳುವುದು ಹೀಗೆಯೇ, ಆದರೆ ಹೆಸರು ಮಾತ್ರ ನಾಲಿಗೆಯ ಚಪಲದ್ದು. ವ್ರತ ಹಿಡಿದವರೇ ತಲೆಗೆ ಸ್ನಾನ ಮಾಡಿ ಮಡಿಯುಡಬೇಕಾದಂತೆ, ಹುರುಳಿಕಾಯಿ ಸೋಸುವುದು, ಕಾಯಿ ತುರಿಯುವುದು, ಮೊಟ್ಟೆ ಬೇಯಿಸುವುದು ಅನ್ನ ಬಿಟ್ಟವರ ಪಾಲಿಗೇ ಬರಬೇಕು. ರಾತ್ರಿ ಊಟವಾದ ಮೇಲೆ ಟಿ.ವಿ. ಮುಂದೆ ಕೂತು ಮಾಡಿದರೂ ಅರ್ಧ ಗಂಟೆಯ ಕೆಲಸ. ಹೆಚ್ಚಿದ್ದನ್ನು ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಮರುದಿನ ಒಗ್ಗರಣೆ ಹಾಕುವುದಷ್ಟೇ ಬಾಕಿ.