ಕಾಯಕ ಮುಂದೋ, ಪಯಣ ಮುಂದೋ?

ಹುಟ್ಟಿದೂರಿನ ಸಂಪಾದನೆಯು ಸಂಸಾರಕ್ಕೆ ಸಾಲದೆ ಪಟ್ಟಣಕ್ಕೆ ಹೋಗಬೇಕೆಂದು ನಿಶ್ಚಯಿಸಿದ ಗೃಹಸ್ಥನು, ಮೊದಲು ಅಲ್ಲಿ ಕೆಲಸವನ್ನು ಗೊತ್ತುಮಾಡಿಕೊಂಡು ಆಮೇಲೆ ಮನೆಯನ್ನು ಎತ್ತಬೇಕೋ, ಅಥವಾ ಶಿವನ ಮೇಲೆ ಭಾರ ಹಾಕಿ ಹೊರಟು ಅಲ್ಲಿಗೆ ಸೇರಿದ ಮೇಲೆ ಕೆಲಸವನ್ನು ಅರಸಬೇಕೋ? ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಸೀಮೆಯಲ್ಲಿ ಈ ಪ್ರಶ್ನೆಯು ಮನೆಮನೆಯಲ್ಲಿಯೂ ಏಳುವಂಥದು. ವ್ಯವಹಾರಗಳು ಏರುಮುಖವಾಗಿರುವ ಕಾಲದಲ್ಲಿ ಇದು ಬರಿಯ ಅನುಕೂಲದ ಮಾತು. ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿಯಾದರೋ ಇದು ಧರ್ಮದ ಪ್ರಶ್ನೆಯಾಗಿ ನಿಲ್ಲುತ್ತದೆ.

ಊರು ಬಿಡುವುದೇ ಆಶೆಯ ಲಕ್ಷಣವೆಂದು ಹಿರಿಯರು ಕೆಲವರು ಆಕ್ಷೇಪಿಸುವುದುಂಟು. ಅದನ್ನು ಒಪ್ಪುವುದು ಕಷ್ಟ. ವರ್ಷವೆಲ್ಲ ಹರಿಯುವ ನದಿಯೊಂದೂ ಈ ಸೀಮೆಗಿಲ್ಲ. ಕೆರೆಗಳನ್ನು ನಂಬಿ ಬಾಳಿದ ನಾಡು ಇದು. ಕೊಳವೆಬಾವಿಗಳು ಸಾವಿರ ಅಡಿಯನ್ನು ಮೀರಿ ಇಳಿದುವು. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧಿಮಾಡಿ ಇಲ್ಲಿನ ಕೆರೆಗಳಿಗೆ ಹರಿಸುವ ಯೋಜನೆಯಿಂದ ಕೆಲವೆಡೆ ಅಂತರ್ಜಲವು ಚೇತರಿಸಿರಬಹುದು. ಆದರೆ ಟೊಮೇಟೊವಿನ ಧಾರಣೆ ಬಿದ್ದ ವರ್ಷ ರೈತನು ಅದನ್ನು ರಸ್ತೆಯ ಬದಿಗೆ ಸುರಿದು ಬರುವುದು ತಪ್ಪಿಲ್ಲ. ಶ್ರೀನಿವಾಸಪುರದ ಮಾವು ಒಂದು ಋತುವಿನ ಅನ್ನ. ಹೀಗಿರುವಲ್ಲಿ, ಓದಿದ ಮಗನು ಬೆಂಗಳೂರಿನ ಕಡೆಗೆ ಮುಖ ಮಾಡಿದರೆ ಅದನ್ನು ಆಶೆಯೆನ್ನುವುದು ನ್ಯಾಯವಲ್ಲ.

ಇನ್ನೊಂದು ಪಕ್ಷದವರು, ‘ಹುಟ್ಟಿಸಿದ ದೇವರು ಹುಲ್ಲು ಮೇಯಿಸುವನೇ?’ ಎಂಬ ಗಾದೆಯನ್ನು ಹಿಡಿದು, ಮುಂಚಿತವಾಗಿ ಏರ್ಪಾಡು ಮಾಡಿಕೊಳ್ಳುವುದು ಭಕ್ತನಿಗೆ ಶೋಭಿಸದೆಂದು ವಾದಿಸುವರು. ಈ ವಾದವನ್ನು ಸ್ವಲ್ಪ ನಿಧಾನವಾಗಿ ವಿಚಾರಿಸಬೇಕಾಗಿದೆ.

ಶರಣರಲ್ಲಿಯೂ ಅನೇಕರು ಪರಸ್ಥಳದಿಂದ ಕಲ್ಯಾಣಕ್ಕೆ ಬಂದವರೇ. ಆಯ್ದಕ್ಕಿ ಮಾರಯ್ಯನೂ ಲಕ್ಕಮ್ಮನೂ ಇಂದಿನ ರಾಯಚೂರು ಜಿಲ್ಲೆಯ ಅಮರೇಶ್ವರದ ಕಡೆಯಿಂದ ಬಂದರು. ಮೋಳಿಗೆಯ ಮಾರಯ್ಯನು ಕಾಶ್ಮೀರದ ಅರಸೊತ್ತಿಗೆಯನ್ನೇ ತೊರೆದು ಬಂದನೆಂದು ಪ್ರತೀತಿ. ಕಲ್ಯಾಣದಲ್ಲಿ ನಿತ್ಯವೂ ದಾಸೋಹ ನಡೆಯುತ್ತಿದ್ದಿತು. ಕುಳಿತು ಉಣ್ಣಬೇಕೆಂದಿದ್ದರೆ ಅವರಿಗೆ ಎಡೆಯಿಲ್ಲವೆನ್ನುವವರಿರಲಿಲ್ಲ. ಆದರೂ ಒಬ್ಬನು ನೆಲದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದನು, ಇನ್ನೊಬ್ಬನು ಕಟ್ಟಿಗೆಯ ಹೊರೆಯನ್ನು ಹೊತ್ತನು. ದಾಸೋಹವನ್ನು ಮಾಡಲು ಬಂದರೇ ಹೊರತು ದಾಸೋಹದ ಮೇಲೆ ಬದುಕಲು ಬರಲಿಲ್ಲ. ಕೆಲಸವಿಲ್ಲದೆ ಹೊರಟವನು ಪಟ್ಟಣದಲ್ಲಿ ಮೊದಲು ಇಳಿಯುವುದು ಯಾರ ಮನೆಯಲ್ಲಿ? ಭಾವನ ಮನೆಯಲ್ಲಿ, ಇಲ್ಲವೆ ಚಿಕ್ಕಪ್ಪನ ಮನೆಯಲ್ಲಿ. ಶಿವನ ಮೇಲೆ ಹಾಕಿದೆನೆಂದ ಭಾರವು ನಿಜವಾಗಿ ಬೀಳುವುದು ಆ ಮನೆಯ ಅಕ್ಕಿಯ ಡಬ್ಬದ ಮೇಲೆ.

ಸುಭಿಕ್ಷದಲ್ಲಿ ಆ ಭಾರವು ಹಗುರವಾದೀತು. ಮುಗ್ಗಟ್ಟಿನಲ್ಲಿ ಹಾಗಲ್ಲ. 2008ರ ಸೆಪ್ಟೆಂಬರಿನಲ್ಲಿ ಅಮೆರಿಕದ ಲೆಹ್ಮನ್ ಬ್ರದರ್ಸ್ ಎಂಬ ಹಣಕಾಸು ಸಂಸ್ಥೆಯು ದಿವಾಳಿಯಾದ ಮೇಲೆ, ಹೊರದೇಶದ ಬೇಡಿಕೆಯನ್ನೇ ನಂಬಿದ್ದ ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಿಗೂ ಸಿದ್ಧ ಉಡುಪಿನ ಕಾರ್ಖಾನೆಗಳಿಗೂ ಪೆಟ್ಟು ಬಿದ್ದಿತು. 2020ರ ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಮುಚ್ಚಿದಾಗ, ಮುಂದಿನ ಮೂರು ತಿಂಗಳಲ್ಲಿ ರಾಷ್ಟ್ರದ ಉತ್ಪನ್ನವು ಹಿಂದಿನ ವರ್ಷಕ್ಕಿಂತ ಸುಮಾರು ಶೇಕಡ 24ರಷ್ಟು ಕುಗ್ಗಿತು. ಅಂಥ ದಿನಗಳಲ್ಲಿ ಆಶ್ರಯ ಕೊಟ್ಟ ಬಂಧುವಿನ ಸಂಬಳವೇ ಅರ್ಧಕ್ಕೆ ಇಳಿದಿರಬಹುದು. ಅವನು ಸಂಕೋಚದಿಂದ ಬಾಯಿಬಿಡಲಾರ. ಬಂದವನು ಹಂಗಿನಿಂದ ತಲೆಯೆತ್ತಲಾರ. ಆದುದರಿಂದ ಮೊದಲೇ ಕೆಲಸವನ್ನು ಗೊತ್ತುಮಾಡಿಕೊಳ್ಳುವುದು ಅವಿಶ್ವಾಸವಲ್ಲ, ಪರರ ಅನ್ನದ ವಿಷಯದಲ್ಲಿ ತೋರಬೇಕಾದ ಮರ್ಯಾದೆ ಎಂದೇ ನನ್ನ ತಿಳಿವಳಿಕೆ.

ಕೆಲಸ ಸಿಗುವವರೆಗೆ ಏನು ಮಾಡಬೇಕೆಂದರೆ, ನಮ್ಮ ಜಿಲ್ಲೆಯಲ್ಲಿಯೇ ಒಂದು ದೃಷ್ಟಾಂತವಿದೆ. 1880ರಿಂದ ಜಾನ್ ಟೇಲರ್ ಕಂಪನಿಯ ಕೈಯಲ್ಲಿ ಬೆಳೆದ ಕೋಲಾರದ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದುವು. ತಲೆಮಾರುಗಳಿಂದ ಗಣಿಯೊಂದನ್ನೇ ಬಲ್ಲ ಸಾವಿರಾರು ಕುಟುಂಬಗಳು ದಿಕ್ಕುಗೆಟ್ಟುವು. ಅವರಲ್ಲಿ ಬಹುಮಂದಿ ಗಂಟುಮೂಟೆ ಕಟ್ಟಲಿಲ್ಲ. ನಸುಕಿನ ರೈಲನ್ನು ಹಿಡಿದು ಬಂಗಾರಪೇಟೆ, ಮಾಲೂರುಗಳ ಮೇಲೆ ಬೆಂಗಳೂರಿಗೆ ಹೋಗಿ ದುಡಿದು, ರಾತ್ರಿ ಮನೆಗೆ ಮರಳುವುದನ್ನು ರೂಢಿಮಾಡಿಕೊಂಡರು. ಮೈ ಹಣ್ಣಾಗುವ ಬದುಕು ಅದು, ಸಂದೇಹವಿಲ್ಲ. ಆದರೆ ಒಲೆಯನ್ನು ಕದಲಿಸದೆ ಕೆಲಸವನ್ನು ಪರೀಕ್ಷಿಸುವ ದಾರಿಯೂ ಅದೇ. ಮಾಲೂರಿನವರಿಗೆ ಈ ದಾರಿ ಸುಲಭ. ರೈಲಿಲ್ಲದ ಮುಳಬಾಗಿಲಿನವನು ಬಸ್ಸಿನಲ್ಲಿ ದಿನವೂ ಹೋಗಿಬರುವುದು ಬಹಳ ದಿನ ನಡೆಯದು. ಅಂಥವನು ನರಸಾಪುರ, ವೇಮಗಲ್‌ಗಳ ಕೈಗಾರಿಕಾ ಪ್ರದೇಶಗಳಲ್ಲಿ ಮೊದಲು ವಿಚಾರಿಸಿ ನೋಡುವುದು ಲೇಸು. ಹುಡುಕುವ ಕೆಲಸ ಬೆಂಗಳೂರಿನಲ್ಲಿಯೇ ಇರಬೇಕೆಂಬ ಶಾಸ್ತ್ರವೇನಿಲ್ಲವಷ್ಟೆ!

ಕೆಲಸವನ್ನು ಅರಸುವ ಕ್ರಮದಲ್ಲಿಯೂ ಕಾಯಕದ ಶುದ್ಧಿ ಇರಬೇಕು. ಇಲ್ಲದ ಅನುಭವವನ್ನು ಉಂಟೆಂದು ಬರೆಯುವುದು, ಅದಕ್ಕೆ ಸುಳ್ಳು ಪ್ರಮಾಣಪತ್ರವನ್ನು ಕೊಳ್ಳುವುದು, ಕೆಲಸ ಕೊಡಿಸುವೆನೆಂಬ ದಲ್ಲಾಳಿಗೆ ಸಾಲ ಮಾಡಿ ಹಣ ತೆರುವುದು, ಇವುಗಳಿಂದ ದೊರೆತ ಅನ್ನವು ಮೊದಲ ದಿನವೇ ಕೆಟ್ಟಿರುತ್ತದೆ. ಈಗ ದುಡಿಯುತ್ತಿರುವ ಕಡೆ ಯಜಮಾನನಿಗೆ ಎಲ್ಲವನ್ನೂ ಮೊದಲೇ ಹೇಳಬೇಕೆಂಬ ನಿಯಮವಿಲ್ಲ. ಆದರೆ ತಾಯಿಗೆ ಕಾಯಿಲೆಯೆಂದು ರಜೆ ಪಡೆದು ಬೇರೆಡೆ ಸಂದರ್ಶನಕ್ಕೆ ಹೋಗುವುದು ತಾಯಿಗೂ ಸಲ್ಲದು, ಯಜಮಾನನಿಗೂ ಸಲ್ಲದು.

ಇವೆಲ್ಲಕ್ಕಿಂತ ದೊಡ್ಡ ತೊಡಕು ಅಂತಸ್ತಿನದು. ಊರಿನಲ್ಲಿ ಗುಮಾಸ್ತನಾಗಿದ್ದವನು ಪಟ್ಟಣದಲ್ಲಿ ಅದಕ್ಕಿಂತ ಒಂದು ಮೆಟ್ಟಲು ಮೇಲಿನ ಕೆಲಸವೇ ಬೇಕೆಂದು ಕಾದರೆ, ಮುಗ್ಗಟ್ಟಿನ ಎರಡು ವರ್ಷಗಳೂ ಕಾಯುವುದರಲ್ಲಿಯೇ ಕಳೆದಾವು. ಆಗ ಅವನು ವಿವೇಕವೆಂದು ಕರೆಯುವುದು ವಿವೇಕವಲ್ಲ, ಅಭಿಮಾನ. ಅರಸನಾಗಿದ್ದವನು ಕಟ್ಟಿಗೆ ಹೊತ್ತನೆಂಬ ಕಥೆಯನ್ನು ಪುರಾಣದಲ್ಲಿ ಕೇಳಿ ತಲೆದೂಗುವ ನಾವು, ಮಗನು ಉಗ್ರಾಣದಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಹೋದನೆಂದರೆ ಬೀಗರಿಗೆ ಹೇಳಲು ನಾಚುತ್ತೇವೆ.

ಇನ್ನು, ಕಾಯುವ ಶಕ್ತಿಯೇ ಇಲ್ಲದವರಿದ್ದಾರೆ. ತುಂಡು ಭೂಮಿಯೂ ಇಲ್ಲದ ಕೂಲಿಯವನಿಗೆ ಪತ್ರ ಬರೆದು ಉತ್ತರ ಕಾಯುವ ಅವಕಾಶವೆಲ್ಲಿದೆ? ಮೇಸ್ತ್ರಿಯು ಕರೆದ ದಿನ ಅವನು ಹೊರಡಲೇಬೇಕು. ಮೇಲೆ ಹೇಳಿದ ನಿಯಮವು ಅವನಿಗಲ್ಲ. ಮನೆಯಲ್ಲಿ ಆರು ತಿಂಗಳ ರಾಗಿ ಇರುವವನಿಗೆ ಅದು. ಪಟ್ಟಣದಲ್ಲಿ ಮನೆಯುಳ್ಳ ನಮ್ಮವರು ಬಾಗಿಲು ತೆರೆಯಬೇಕಾದುದು ಆ ಕೂಲಿಯವನಂಥವರಿಗೆ.

ಕೆಲಸ ಗೊತ್ತಾದ ಮೇಲೂ ಸಂಸಾರವನ್ನು ಕೂಡಲೇ ಕರೆದೊಯ್ಯಬೇಕೇ ಎಂಬುದನ್ನು ಮನೆಯಾಕೆಯೊಡನೆ ಕುಳಿತು ತೀರ್ಮಾನಿಸಬೇಕು. ಮಾರಯ್ಯನು ತಂದ ಅಕ್ಕಿ ಹೆಚ್ಚಾಯಿತೆಂದು ಹಿಂದಕ್ಕೆ ಕಳುಹಿಸಿದವಳು ಲಕ್ಕಮ್ಮನೇ ಅಲ್ಲವೆ? ಗಂಡನ ಕಣ್ಣು ಸಂಬಳದ ಮೇಲಿದ್ದರೆ, ಅವಳ ಕಣ್ಣು ಖರ್ಚಿನ ಮೇಲಿರುತ್ತದೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಕೇಳುವ ಮನೆಯವರುಂಟು. ಅದನ್ನು ಎಲ್ಲಿಂದ ತರುವುದು? ಮಕ್ಕಳನ್ನು ನಡುವರ್ಷದಲ್ಲಿ ಶಾಲೆ ಬಿಡಿಸುವುದೋ, ಬೇಸಗೆಯ ರಜೆಯವರೆಗೆ ಅವನೊಬ್ಬನೇ ಕೋಣೆ ಹಿಡಿದು ಇರುವುದೋ? ಅತ್ತೆ ಮಾವಂದಿರು ಹಿಂದೆ ಉಳಿದರೆ, ಬೆಳಗಿನ ಜಾವ ಹಸುವಿನ ಹಾಲು ಕರೆದು ಡೈರಿಗೆ ಹಾಕಿ ಬರುವವರು ಯಾರು? ಪಟ್ಟಣದಿಂದ ಬಂದ ಪತ್ರಕ್ಕೆ ಒಪ್ಪಿಗೆಯ ಉತ್ತರ ಬರೆಯುವ ಮೊದಲು ಇಷ್ಟೂ ಮಾತು ಆ ಮನೆಯಲ್ಲಿ ಆಗಿರಬೇಕು.